ದ್ವೀಪದಲ್ಲಿ ಅಕ್ಕ

"ಮುಂಚೆ ಬಂದದ್ದುಂಟಾ ನೀವು?" ಮಲ್ಪೆಯ ದೋಣಿಯವನು ಕೇಳಿದ.

"ಇಲ್ಲ," ಎಂದ ನಾಗೇಂದ್ರಪ್ಪ.

ಗುರುದೇವಿ ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡು ಸಮುದ್ರದ ಕಡೆ ನೋಡಿದಳು. ಗಂಡ ಹೇಳಿದ್ದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ, ಎಪ್ಪತ್ತನಾಲ್ಕರಲ್ಲಿ, ಅವನು ಅವಳ ಅಕ್ಕ ಗುರುಲಿಂಗಮ್ಮನನ್ನು ಇದೇ ದ್ವೀಪಕ್ಕೆ ಕರೆತಂದಿದ್ದ. ಮರುವರ್ಷ ಅಕ್ಕ ಕಾಮಾಲೆಯಾಗಿ ತೀರಿಕೊಂಡಳು. ಹಿರಿಯರು ಕೂತು ಮಾತಾಡಿ ತಂಗಿಯನ್ನೇ ಅವನಿಗೆ ಕೊಟ್ಟರು. ಮದುವೆಯಾಗಿ ಈಗ ಎಂಟು ತಿಂಗಳು. ಶಹಾಬಾದಿನ ಎರಡು ಕೋಣೆಯ ಮನೆಯಲ್ಲಿ ಅವನು ಅವಳನ್ನು ಒಮ್ಮೆಯೂ ಗದರಿರಲಿಲ್ಲ. ಒಮ್ಮೆಯೂ ಮುಟ್ಟಿರಲಿಲ್ಲ.

ಈ ಪ್ರವಾಸ ಅವಳದೇ ಹಟ. "ಒಂದ್ ಸಲ ಸಮುದ್ರ ತೋರಸ್ರಿ," ಎಂದು ಬೆನ್ನುಬಿದ್ದು ಅವನನ್ನು ವಾಡಿಯಲ್ಲಿ ರೈಲು ಹತ್ತಿಸಿದ್ದಳು. ಅಕ್ಕ ಅಷ್ಟು ಹೊಗಳಿದ ಜಾಗದಲ್ಲಾದರೂ ತನ್ನ ಕಡೆ ನೋಡಿಯಾನು ಎಂಬ ಆಸೆ.

ದ್ವೀಪಕ್ಕೆ ಇಳಿದಾಗ ಗಾಳಿ ಜೋರಾಗಿತ್ತು. ಎಂದೋ ಭೂಮಿಯ ಹೊಟ್ಟೆಯಿಂದ ಉಕ್ಕಿದ ಬೆಂಕಿ ತಣ್ಣಗಾಗಿ, ಆರು ಮೂಲೆಯ ಕಲ್ಲುಕಂಬಗಳಾಗಿ ಒತ್ತೊತ್ತಿ ನಿಂತಿತ್ತು. ಕಂಬಗಳ ಸಂದಿಗೆ ನುಗ್ಗಿದ ಅಲೆ ಹಿಂದೆ ಸರಿದಾಗ ಯಾರೋ ಹೆಂಗಸು ಉಸಿರೆಳೆದಂಥ ಸದ್ದು.

ನೆಲಕ್ಕೆ ಹಾಸುವ ಫರ್ಸಿಕಲ್ಲಿನ ಖಣಿಯಲ್ಲಿ ಮೇಸ್ತ್ರಿಯಾಗಿದ್ದ ನಾಗೇಂದ್ರಪ್ಪ ಇಲ್ಲಿ ಒಂದು ಕಲ್ಲನ್ನೂ ಮುಟ್ಟಿ ನೋಡಲಿಲ್ಲ. ಗುರುತಿನ ದಾರಿಯಲ್ಲಿ ಹೋದಂತೆ ಹೋಗಿ, ಒಂದು ಎತ್ತರದ ಬಂಡೆ ಹತ್ತಿ, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂತ. ಗುರುದೇವಿ ಅಲ್ಲಿ ಹೋಗಿ ಕೂರದೆ ಬಂಡೆಯ ಕೆಳಗೇ ನಿಂತಳು. ಅಲ್ಲಿ ಅಕ್ಕ ಇದ್ದಳು. ಹಸಿರು ಇಳಕಲ್ ಸೀರೆ, ಗಾಳಿಗೆ ಬಿಚ್ಚಿದ ತುರುಬು.

"ಮಾಮಾ!" ಮದುವೆಗೆ ಮುಂಚಿನ ಕರೆ ತಾನಾಗಿ ಬಾಯಿಗೆ ಬಂತು.

ಅವನು ಬೆಚ್ಚಿ ತಿರುಗಿದ. "ಯಾಕ? ಏನಾತು?"

"ಅಕ್ಕ ಅಲ್ಲೇ ಕುಂತಾಳ್ರಿ."

ಅವನು ಪಕ್ಕಕ್ಕೆ ನೋಡಲಿಲ್ಲ. "ನನಗೂ ಹಂಗೇ ಅನಸಾಕತ್ತದ," ಎಂದ ಮೆಲ್ಲಗೆ.

ಅವಳು ನಿಂತಲ್ಲೇ ಅತ್ತಳು. "ನಾ ಪಾಪಿ ಅದೀನ್ರಿ. ಅಕ್ಕ ಇದ್ದಾಗೇ ನಿಮ್ಮ ಮ್ಯಾಲ ನನ್ನ ಮನಸಿತ್ತು. ನೀವು ಚಿತ್ತಾಪುರಕ್ಕ, ನಮ್ಮ ತವರಮನಿಗೆ ಬಂದ್ರ ಬಾಗಿಲ ಹಿಂದ ನಿಂತು ನೋಡ್ತಿದ್ದೆ. ನನ್ನ ಆಸೀನೇ ಆಕೀನ ಕೊಂದಿತೇನೋ ಅನಸ್ತದ."

ಅವನು ಪಕ್ಕದ ಖಾಲಿ ಜಾಗದ ಮೇಲೆ ಅಂಗೈ ಊರಿದ. ಆಮೇಲೆ, "ಆಕಿಗೆ ಗೊತ್ತಿತ್ತು," ಎಂದ.

"ಏನಂದ್ರಿ?"

"ಇಲ್ಲೇ ಕುಂತು ಹೇಳಿದಳು. ನಮ್ಮ ದೇವಿ ನಿಮಗ ಚಾ ಕೊಡೂಮುಂದ ಕೈ ಹ್ಯಾಂಗ ನಡಗ್ತಾವ ನೋಡ್ರಿ ಅಂತ. ಹೊಟ್ಟಿ ಹಿಡ್ಕೊಂಡು ನಕ್ಕಳು. ನಾನೂ ನಕ್ಕೆ." ಅವನು ಮುಖವನ್ನು ಸಮುದ್ರದ ಕಡೆ ತಿರುಗಿಸಿದ. "ಅದಕ್ಕ ನಿನ್ನ ಹತ್ರ ಬರಾಕ ಆಗಲಿಲ್ಲ. ಆಕಿ ಸಾಯೋದನ್ನೇ ಕಾದಿದ್ದೆ ಅಂದಂಗ ಆಗ್ತದಂತ."

"ಮತ್ತ ನಿಮ್ಮ ಮನಸಿನ್ಯಾಗ ಏನದ?"

ಆಗ ಅವನು ಅವಳನ್ನು ನೆಟ್ಟಗೆ ನೋಡಿದ. "ಖಣಿಯಿಂದ ಬರೂಮುಂದ ನೀ ಬಾಗಿಲದಾಗ ಕಂಡ್ರ ನನ್ನ ಹೆಜ್ಜಿ ತಾವೇ ಜೋರಾಗ್ತಾವ. ಬೇಕಂತ ಸಾವಕಾಶ ಬರ್ತೀನಿ."

"ಬನ್ನಿ, ನೀರು ಏರ್ತಾ ಉಂಟು!" ಕೆಳಗಿನಿಂದ ದೋಣಿಯವನು ಕೂಗಿದ.

ನಾಗೇಂದ್ರಪ್ಪ ಕೈ ಚಾಚಿದ. ಕಲ್ಲಿನ ಕೆಲಸಕ್ಕೆ ಒರಟಾದ ಅಂಗೈ, ಬೆಚ್ಚಗಿತ್ತು. ದೋಣಿಯಲ್ಲಿ ಕೂತ ಮೇಲೂ ಅವನು ಅವಳ ಕೈ ಬಿಡಲಿಲ್ಲ.

"ಅಕ್ಕ ಇನ್ನೇನೇನ್ ಮಾಡಿದಳು? ಎಲ್ಲಾ ಹೇಳ್ರಿ."

"ದೋಣಿ ಹತ್ತೂಮುಂದ ಒಂದು ಚಪ್ಪಲ್ ನೀರಿಗೆ ಬಿಟ್ಟಳು. ಉಳಿದೊಂದನ್ನೇ ಮೆಟ್ಟಿಕೊಂಡು ಉಡುಪಿ ಎಲ್ಲಾ ಅಡ್ಡಾಡಿದಳು."

ಗುರುದೇವಿ ಕಣ್ಣೀರಿನಲ್ಲೇ ಗಟ್ಟಿಯಾಗಿ ನಕ್ಕಳು. ಅದು ಅಕ್ಕನದೇ ನಗು. ನಾಗೇಂದ್ರಪ್ಪನ ಮೈ ಒಮ್ಮೆ ಜುಮ್ಮೆಂದದ್ದು ಅವಳ ಅಂಗೈಗೆ ತಿಳಿಯಿತು. ಅವನು ಹಿಡಿತ ಇನ್ನಷ್ಟು ಬಿಗಿ ಮಾಡಿದ.