ಅಂಗಡಿ ಅಕ್ಷರ

"ಮತ್ತೆ ಫೇಲಾ? ನಮ್ ಅಂಗಡೀಲಿ ಚೆನ್ನಾಗೇ ಬತ್ತದೆ ಕಣೇ!" ನಯನಾ ಫೋನಿನಲ್ಲಿ ಕೂಗಿದಳು.

"ನಮ್ಮನೇಲಿ ಬರ್ತಿಲ್ಲ, ನಾನೇನ್ ಮಾಡ್ಲಿ?" ಎಂದಳು ಲಹರಿ.

ನಯನಾ ಫೋನ್ ಇಟ್ಟಳು. ಇದು ಬೇಕೆಂದೇ ಮಾಡುತ್ತಿರುವ ಕಿತಾಪತಿ ಎಂದು ಅವಳಿಗೆ ಖಾತ್ರಿಯಾಯಿತು.

ಶಾಲೆಯ ಕಂಪ್ಯೂಟರ್ ಕ್ಲಬ್ಬಿನವರು ಒಂದು ಚೌಕಾಬಾರ ಗೇಮ್ ಹಿಡಿದು ಕೂತಿದ್ದರು. ಅದು ಓಪನ್ ಸೋರ್ಸ್ ಗೇಮ್. ಅಂದರೆ ಯಾರು ಬೇಕಾದರೂ ಅದನ್ನು ತಿದ್ದಬಹುದು. ತಿದ್ದಿದ್ದು ಸರಿಯಾಗಿದ್ದರೆ ಎಲ್ಲರ ಗೇಮಿಗೂ ಸೇರುತ್ತದೆ. ಅದರಲ್ಲಿದ್ದ ಇಂಗ್ಲಿಷ್ ಮಾತುಗಳನ್ನೆಲ್ಲ ನಯನಾ ಕನ್ನಡ ಮಾಡಿದ್ದಳು. ಅಪ್ಪನ ಮದುವೆ ಕಾರ್ಡಿನ ಅಂಗಡಿಯಲ್ಲಿ ಕೂತು, ಕಾರ್ಡಿಗೆ ಹಾಕುವ ಚೆಂದದ ಅಕ್ಷರದಲ್ಲೇ ಟೈಪ್ ಮಾಡಿದ್ದಳು. ಕಾಯಿ ನಡುಮನೆ ಸೇರಿದರೆ ‘ಕಾಯಿ ಹಣ್ಣಾಯ್ತು!’ ಎಂದು ಬರಬೇಕು.

ಆದರೆ ಪದ್ಮಾವತಿ ಮಿಸ್ ಒಂದು ರೂಲ್ ಮಾಡಿದ್ದರು. ಮಾಡಿದವರೇ ಟೆಸ್ಟ್ ಮಾಡುವಂತಿಲ್ಲ. ಬೇರೆಯವರು ಬೇರೆ ಥರದ ಕಂಪ್ಯೂಟರಿನಲ್ಲಿ ಓಡಿಸಿ ಪಾಸ್ ಅನ್ನಬೇಕು. ಪಾಸಾದರೆ ಗೇಮಿನಲ್ಲಿ ನಯನಾಳ ಹೆಸರು ಬರುತ್ತದೆ. ಈ ಸಲಕ್ಕೆ ಕಳಿಸಲು ಇವತ್ತು ಸಂಜೆಯೇ ಕಡೆ.

ಟೆಸ್ಟ್ ಮಾಡುವವಳು ಲಹರಿ. ಕನ್ನಡ ಮಾಡುವ ಕೆಲಸ ತನಗೇ ಬೇಕು ಎಂದು ಮೊದಲು ಕೈ ಎತ್ತಿದ್ದವಳೂ ಅವಳೇ. ಹೊಟ್ಟೆಕಿಚ್ಚು, ಮತ್ತೇನು?

ನಯನಾ ಗೇಮ್ ಇದ್ದ ಪೆನ್‌ಡ್ರೈವನ್ನು ಜೇಬಿಗಿಳಿಸಿ, ಶ್ರೀರಾಂಪುರದಿಂದ ಕುವೆಂಪುನಗರಕ್ಕೆ ಸೈಕಲ್ ತುಳಿದಳು. ಹೇಳದೆ ಕೇಳದೆ ಹೋದರೇನೇ ಅವಳ ಕಳ್ಳಾಟ ಬಯಲಾಗುವುದು.

ಲಹರಿ ಹಾಲಿನಲ್ಲೇ ಕೂತಿದ್ದಳು. ನಯನಾಳನ್ನು ಕಂಡಿದ್ದೇ ತಡ, ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು.

"ಯಾಕ್ ಮುಚ್ಬುಟ್ಟೆ? ತೆಗಿ. ನನ್ ಮುಂದೇನೆ ಓಡ್ಲಿ."

ನಯನಾ ಜೇಬಿನಿಂದ ತೆಗೆದ ಪೆನ್‌ಡ್ರೈವಿಗೆ ಲಹರಿ ಕೈ ಚಾಚಿದಳು.

"ನೀನು ಮುಟ್ಬೇಡ. ನಾನೇ ಹಾಕ್ತೀನಿ!"

ಲಹರಿ ಪಕ್ಕಕ್ಕೆ ಸರಿದಳು. ನಯನಾ ಗೇಮ್ ತೆರೆದು ಕವಡೆ ಹಾಕಿದಳು. ಒಂದು ಕಣ್ಣು ಕಾಯಿಯ ಮೇಲೆ, ಇನ್ನೊಂದು ಲಹರಿಯ ಕೈ ಮೇಲೆ. ಕಾಯಿ ಸುತ್ತಿ ಸುತ್ತಿ ನಡುಮನೆ ಸೇರಿತು.

ಹಣ್ಣಾಯ್ತು ಎಂದು ಬರಲಿಲ್ಲ. ಒಂದಷ್ಟು ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಚುಕ್ಕಿ, ಕೊಂಬು ಹೊತ್ತು ಸಾಲಾಗಿ ನಿಂತಿದ್ದವು.

"ಅಮ್ಮನ ಫೋನಲ್ಲೂ ನೋಡ್ದೆ. ಪಕ್ಕದ್ಮನೆ ನಿರಂಜನ್ ಅಂಕಲ್ ಕಂಪ್ಯೂಟರಲ್ಲೂ ಹಾಕ್ದೆ. ಎಲ್ಲಾದ್ರೂ ಒಂದ್ಕಡೆ ಸರಿಯಾಗಿ ಬರ್ಲಿ ಅಂತ," ಎಂದಳು ಲಹರಿ ಮೆಲ್ಲಗೆ. "ಇದನ್ನ ನೋಡಿದ್ರೆ ನಿಂಗೆ ಬೇಜಾರಾಗುತ್ತೆ ಅಂತ ಮುಚ್ದೆ ಕಣೇ."

ನಯನಾ ಆ ಕೊಂಬಿನ ಅಕ್ಷರಗಳನ್ನೇ ನೋಡಿದಳು. ಅವು ಅವಳಿಗೆ ಹೊಸವಲ್ಲ. ಮದುವೆ ಕಾರ್ಡನ್ನು ಮೇಲ್‌ನಲ್ಲಿ ತರಿಸಿಕೊಂಡವರು ಫೋನ್ ಹಿಡಿದು ಅಂಗಡಿಗೆ ಬಂದು ಇದನ್ನೇ ತೋರಿಸಿ ರೇಗುತ್ತಿದ್ದರು. ಆಗೆಲ್ಲ ಅಪ್ಪ ನಗುತ್ತಾ, "ಈ ಅಕ್ಷರ ನಮ್ ಅಂಗಡಿ ಕಂಪ್ಯೂಟರಲ್ ಮಾತ್ರ ಬರೋದು ಕಣಣ್ಣ. ಪ್ರಿಂಟೇ ತಕ್ಕೊಂಡೋಗಿ," ಅನ್ನುತ್ತಿದ್ದ.

ತಾನು ಟೈಪ್ ಮಾಡಿದ್ದೂ ಅದೇ ಅಂಗಡಿ ಅಕ್ಷರದಲ್ಲಿ. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ.

"ಮಿಸ್‌ಗೆ ಫೇಲ್ ಅಂತಾನೇ ಕಳ್ಸು," ಎಂದಳು.

"ನಿನ್ ಹೆಸರು ಬರಲ್ವಲ್ಲೇ!"

"ಮುಂದಿನ್ ಸಲ ಬತ್ತದೆ ಬುಡು."

ನಯನಾ ಲಹರಿಯ ಲ್ಯಾಪ್‌ಟಾಪಿನಲ್ಲೇ, ಎಲ್ಲರ ಫೋನಿನಲ್ಲೂ ಬರುವ ಸಾದಾ ಅಕ್ಷರದಲ್ಲಿ ಮೊದಲಿನಿಂದ ಟೈಪ್ ಮಾಡತೊಡಗಿದಳು. ಮುಗಿಯುವ ಹೊತ್ತಿಗೆ ಬೀದಿದೀಪ ಹತ್ತಿತ್ತು, ಈ ಸಲದ ಗಡುವು ದಾಟಿತ್ತು. ತಾನೇ ಓಡಿಸಿ ನೋಡಲು ಅವಳ ಕೈ ತುರಿಸುತ್ತಿತ್ತು. ಆದರೆ ನೋಡಲಿಲ್ಲ.

ಪೆನ್‌ಡ್ರೈವನ್ನು ಎಳೆದು ಲಹರಿಯ ಅಂಗೈಯಲ್ಲಿಟ್ಟಳು.

"ನಿರಂಜನ್ ಅಂಕಲ್ ಕಂಪ್ಯೂಟರಲ್ಲಿ ನೀನೇ ನೋಡು," ಎಂದಳು. "ನಿಧಾನಕ್ಕೆ ನೋಡು."