ಒಲೆ ಒಡೆಯಲು ಬಂದವನು

"ರೀ ಸ್ವಾಮಿ, ಹಾರೆ ಕೆಳಗಿಡಿ! ನಮ್ಮ ಒಲೆ ಮುಟ್ಟಿದ್ರೋ, ನಿಮ್ಮ ತಲೆ ಉಳಿಯಲ್ಲ!"

ಪಂಚನಹಳ್ಳಿಯ ಪಂಕಜಾಕ್ಷಿ ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ನಿಂತಿದ್ದಳು. ಅಮ್ಮನ ಕೈಯಿಂದ ಕಿತ್ತುಕೊಂಡ ಊದುಗೊಳವೆ ಅವಳ ಕೈಯಲ್ಲಿ ಗದೆಯಾಗಿತ್ತು.

"ಹಳೇದು ಒಡೀದೆ ಹೊಸದನ್ನ ಎಲ್ಲಿ ಕಟ್ಲಿ? ನಿಮ್ಮ ತಲೆ ಮೇಲಾ?"

ಅಬ್ಬಾ, ಏನು ಕೊಬ್ಬು!

1985ರ ಬೇಸಿಗೆ. ಸೌದೆ ಉಳಿಸುವ, ಹೊಗೆಯಿಲ್ಲದ ಒಲೆಗಳನ್ನು ಹಳ್ಳಿಗಳಲ್ಲಿ ಕಟ್ಟಿಸುವ ಯೋಜನೆಯೊಂದು ತಾಲೂಕಿಗೆ ಬಂದಿತ್ತು. ಅಜ್ಜಂಪುರದ ಓಂಕಾರಮೂರ್ತಿ ಬಿ.ಎಸ್ಸಿ. ಮುಗಿಸಿ ಅದರಲ್ಲಿ ಹಂಗಾಮಿ ಕೆಲಸಕ್ಕೆ ಸೇರಿದ್ದ. ಯೋಜನೆಯವರು ಅವನಿಗೊಂದು ಅಚ್ಚು, ಒಂದು ಹಾರೆ ಕೊಟ್ಟಿದ್ದರು. ನಯವಾಗಿ ಮಾತಾಡುವುದನ್ನು ಕಲಿಸಲು ಮರೆತಿದ್ದರು.

"ಉರಿಯೋ ಒಲೆ ಒಡೆಯೋದು ಅಪಶಕುನ ಕಣ್ರೀ!"

"ಮಹಿಳಾ ಸಮಾಜದ ಕಾರ್ಯದರ್ಶಿ ತಾವೇ ಅಲ್ವಾ? ವನಮಹೋತ್ಸವದಲ್ಲಿ ಮರ ಉಳಿಸಿ ಅಂತ ಭಾಷಣ ಬಿಗಿದಿದ್ದು? ಗೋಮಾಳದ ಮರ ಎಲ್ಲಾ ಈ ಊರಿನ ಒಲೆಗಳ ಹೊಟ್ಟೆಗೇ ಹೋಗಿದೆ. ನೆಟ್ಟು ಫೋಟೋ ತೆಗೆಸಿಕೊಂಡಿದ್ದು ಸಾಕು, ಸುಡೋದನ್ನ ಕಮ್ಮಿ ಮಾಡಿ."

ಪಂಕಜಾಕ್ಷಿಯ ಕಿವಿ ಕೆಂಪಾಯಿತು. ಮುಟ್ಟಿ ನೋಡಿಕೊಳ್ಳುವಂಥ ಉತ್ತರವೊಂದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹಿಂದೆ ಅಮ್ಮ ಕೆಮ್ಮಿದಳು.

ದಾಕ್ಷಾಯಣಮ್ಮನ ಕಣ್ಣು ಸದಾ ಕೆಂಪು. ಇನ್ನೂ ಹೊಗೆ ಕುಡಿದರೆ ದೃಷ್ಟಿಯೇ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಮನೆಯಲ್ಲಿದ್ದವರು ಅಮ್ಮ, ಮಗಳು ಇಬ್ಬರೇ.

ಪಂಕಜಾಕ್ಷಿ ಪಕ್ಕಕ್ಕೆ ಸರಿದಳು. 'ಅಮ್ಮನ ಕೆಮ್ಮಿಗೆ ಸರಿದಿದ್ದು... ಇವನಿಗಲ್ಲ!'

ಹೊಸ ಒಲೆ ಎದ್ದಿತು. ಹೊಗೆ ಸಭ್ಯಸ್ಥನಂತೆ ಕೊಳವೆ ಹತ್ತಿ ಹೊರಗೆ ಹೋಯಿತು. ಓಂಕಾರಮೂರ್ತಿ ಒಲೆ ಪರೀಕ್ಷಿಸುವ ನೆಪದಲ್ಲಿ ಮತ್ತೆ ಮತ್ತೆ ಬಂದ. ಒಲೆಗೆ ಅಷ್ಟು ಪರೀಕ್ಷೆ ಬೇಕಿರಲಿಲ್ಲ.

"ಸಾರು ಕುದಿಯೋಕೆ ನಿಮ್ಮ ಒಲೆಗೆ ಯುಗ ಬೇಕು!" ಎಂದಳು ಪಂಕಜಾಕ್ಷಿ. ಅವಳಿಗೆ ಒಲೆಯ ಪರಿಚಯ ಇದ್ದದ್ದು ಊಟದ ತಟ್ಟೆಯ ಮೂಲಕ ಮಾತ್ರ.

"ನಿಮ್ಮ ಮಾತಿಗೆ ಹೋಲಿಸಿದ್ರೆ ಬಿಸಿ ಸ್ವಲ್ಪ ಕಮ್ಮೀನೇ."

ಅವನು ಹೋದ ಮೇಲೆ ಅವಳಿಗೆ ನಗು ಬಂದುಬಿಟ್ಟಿತು. ಥೂ... ಇವನ ಮಾತಿಗೆ ನಾನ್ಯಾಕೆ ನಗಬೇಕು?

ಆದರೆ ಮಳೆಗಾಲಕ್ಕೆ ಮುಂಚೆಯೇ ಹೊಗೆ ವಾಪಸು ಬಂತು. ಅಮ್ಮನ ಕಣ್ಣಲ್ಲಿ ಮತ್ತೆ ನೀರು.

ಪಂಕಜಾಕ್ಷಿ ಕಡೂರಿನ ಬಸ್ಸು ಹತ್ತಿದಳು. ಅವನ ಸಾಹೇಬರ ಎದುರಿಗೆ, ಕಚೇರಿಯವರೆಲ್ಲ ಕೇಳುವಂತೆ ಕೂಗಿದಳು.

"ಇವರು ಕಟ್ಟಿರೋದು ಒಲೆಯಲ್ಲ ಸಾರ್, ಚಿತೆ! ನಮ್ಮಮ್ಮನ ಕಣ್ಣು ಹೋದ್ರೆ ಯಾರು ತಂದ್ಕೊಡ್ತಾರೆ?"

ಮರುದಿನವೇ ಸಾಹೇಬರು ಅವನನ್ನು ಕರೆದುಕೊಂಡು ಬಂದರು.

ಓಂಕಾರಮೂರ್ತಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೀಳಿದ ಸೌದೆ ಮಾತ್ರ ಹಿಡಿಯುವಷ್ಟು ಕಿರಿದಾಗಿ ಅವನು ಬಿಟ್ಟಿದ್ದ ಬಾಯಿಗೆ ಈಗ ಕರು ನುಗ್ಗಬಹುದಿತ್ತು. ಹೊಗೆ ಕೊಳವೆ ಹತ್ತುವುದು ಬಿಟ್ಟು ಅಲ್ಲಿಂದಲೇ ಹೊರಗೆ ಬರುತ್ತಿತ್ತು. ಅಂಚಿನಲ್ಲಿ ಹಾರೆಯ ಗಾಯ. ಒಳಗೆ ಸೀಳದ ಇಡೀ ಹೆಡೆಮಟ್ಟೆ; ತೆಂಗಿನ ಗರಿಯ ಆ ದಪ್ಪ ದಿಂಡು ಅರ್ಧ ಉರಿಯುತ್ತ, ಅರ್ಧ ಅಡುಗೆಮನೆಯಲ್ಲಿ ಕಾಲು ಚಾಚಿತ್ತು.

ಅವನು ತಲೆಯೆತ್ತಿದ. ಮಗಳ ಬೆನ್ನ ಹಿಂದೆ ದಾಕ್ಷಾಯಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, ಬೇಡ ಎಂಬಂತೆ ತಲೆಯಾಡಿಸುತ್ತಿದ್ದಳು.

"ಏನಪ್ಪಾ, ಯಾರ ತಪ್ಪು?" ಸಾಹೇಬರು ಗದರಿದರು.

"ನಂದೇ ಸಾರ್. ಅಳತೆ ತಪ್ಪಿದೆ."

"ಹಂಗಾದ್ರೆ ಇದನ್ನ ಸರಿ ಮಾಡಿ ಮನೆಗೆ ಹೋಗು. ನಾಳೆಯಿಂದ ಬರ್ಬೇಡ!"

ಸಾಹೇಬರು ಹೋದರು. ಅವನು ಮಣ್ಣು ಕಲಸಿ ಬಾಯಿ ಕಿರಿದು ಮಾಡಿದ.

"ಈ ಸಲನಾದ್ರೂ ನೆಟ್ಟಗೆ ಕಟ್ಟಿದ್ರಾ?" ಪಂಕಜಾಕ್ಷಿ ಚುಚ್ಚಿದಳು.

ಅವನು ಕೈ ತೊಳೆದುಕೊಂಡು ಸುಮ್ಮನೆ ಹೊರಟ. ಒಂದಕ್ಕೆ ಎರಡು ಆಡುವವನು... ಯಾಕೆ ಸುಮ್ಮನಾದ? ಗೆದ್ದರೂ ಅವಳಿಗೆ ಗೆದ್ದಂತೆ ಅನಿಸಲಿಲ್ಲ.

"ಅಯ್ಯೋ, ಆ ಹುಡುಗನ್ನ ನಿಲ್ಸೇ!" ದಾಕ್ಷಾಯಣಮ್ಮ ಗೋಡೆ ಹಿಡಿದು ಕುಸಿದಳು. "ಒಲೆ ಬಾಯಿ ಒಡೆದೋಳು ನಾನು ಕಣೇ!"

"ನೀನಾ?!"

"ಮಟ್ಟೆ ಸೀಳೋಕೆ ತೋಳಲ್ಲಿ ತ್ರಾಣ ಇಲ್ಲ. ನಿಂಗೆ ಹೇಳೋಣ ಅಂದ್ರೆ ಬೆಳಗಾದ್ರೆ ಸಭೆ, ಸಮಾಜ. ಕೇಳಿದ್ರೆ ರೇಗ್ತೀಯ. ಮಣ್ಣಿನ ಬಾಯಾದ್ರೆ ಹಾರೆ ತಾಗಿಸಿದ್ರೆ ಸಾಕು, ಉದುರುತ್ತೆ. ಹಂಗೇ ತುರುಕೋಣ ಅಂತ ಅಗಲ ಮಾಡ್ಬಿಟ್ಟೆ."

ಪಂಕಜಾಕ್ಷಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಬಸ್ ಸ್ಟಾಪಿನ ಕಟ್ಟೆಯ ಮೇಲೆ ಅವನು ಕೂತಿದ್ದ. ಕ್ಷಮೆ ಕೇಳಬೇಕೆಂದೇ ಬಂದವಳು ಬಾಯಿ ತೆರೆದದ್ದು ಹೀಗೆ:

"ಯಾವ ಸೀಮೆ ಮನುಷ್ಯ ರೀ ನೀವು! ಯಾಕೆ ಸುಳ್ಳು ಹೇಳಿದ್ರಿ? ಅಮ್ಮ ಎಲ್ಲಾ ಹೇಳಿದ್ಲು!"

"ನಿಜ ಹೇಳಿದ್ರೆ ಅವರ ಮೇಲೆ ಎಗರಾಡ್ತಿದ್ರಿ," ಎಂದ ಅವನು ಮೆಲ್ಲಗೆ. "ನಾನಾದ್ರೆ ಬಸ್ ಹತ್ತಿ ಹೋಗ್ಬಿಡ್ತೀನಿ. ಅವರೆಲ್ಲಿಗೆ ಹೋಗ್ತಾರೆ?"

ಪಂಕಜಾಕ್ಷಿ ಕಟ್ಟೆಯ ತುದಿಗೆ ಕೂತಳು. ಹೆತ್ತ ತಾಯಿಗೆ ತನ್ನ ಭಯ! ಅದು ಈ ಹೊರಗಿನವನಿಗೆ ಒಂದೇ ನೋಟದಲ್ಲಿ ತಿಳಿಯಿತು. ಅದೇ ಮನೆಯಲ್ಲಿರುವ ತನಗೆ...

ಕಣ್ಣು ತುಂಬಿ ಬಂತು. ಈ ಸಲ ದೂರಲು ಹೊಗೆಯೂ ಇರಲಿಲ್ಲ.

"ನಾನೂ ಕಡೂರಿಗೆ ಬರ್ತೀನಿ. ನಿಮ್ಮನ್ನ ಎಷ್ಟು ಜೋರಾಗಿ ಬೈದ್ನೋ ಅಷ್ಟೇ ಜೋರಾಗಿ ತಪ್ಪು ನಮ್ಮದು ಅಂತೀನಿ."

"ಅಮ್ಮನ ಹೆಸರು ಹೇಳ್ತೀರಾ?"

"ಇಲ್ಲ. ನಾನೇ ಒಡೆದೆ ಅಂತೀನಿ. ಸೀಳೋ ಕೆಲಸನೆಲ್ಲ ಅವಳ ಮೇಲೆ ಬಿಟ್ಟು ಭಾಷಣ ಮಾಡ್ಕೊಂಡು ತಿರುಗ್ದೋಳು ನಾನು. ಅದೇನು ಸುಳ್ಳಲ್ಲ."

ಅವನು ಮೊದಲ ಬಾರಿಗೆ ಅವಳನ್ನು ಜಗಳದ ಕಣ್ಣಿಲ್ಲದೆ ನೋಡಿದ.

"ಇನ್ನು ಮಟ್ಟೆ ನಾನೇ ಸೀಳ್ತೀನಿ," ಎಂದಳು.

"ಕೊಡಲಿ ಹಿಡಿದು ಗೊತ್ತಾ?"

"ಗೊತ್ತಿಲ್ಲ. ಬಂದು ಕಲಿಸಿ... ದಿನಾ."

"ಅಜ್ಜಂಪುರದಿಂದ ದಿನಾ ಬರೋಕಾಗುತ್ತಾ?"

"ಹಂಗಾದ್ರೆ... ಇಲ್ಲೇ ಇದ್ಬಿಡಿ!" ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಬಸ್ಸು ಧೂಳೆಬ್ಬಿಸಿ ಬಂದು ನಿಂತಿತು. "ಹತ್ತೋರು ಬೇಗ ಹತ್ರಪ್ಪಾ!" ಕಂಡಕ್ಟರ್ ಅರಚಿದ. ಇಬ್ಬರೂ ಅಲುಗಲಿಲ್ಲ.

"ಇದು ಬೈಗುಳನಾ, ಇಲ್ಲ...?" ಅವನು ಕೇಳಿದ.

"ಬೈಗುಳ ಅಂತಾನೇ ತಿಳ್ಕೊಳ್ಳಿ. ಆದ್ರೆ... ಹೂಂ ಅನ್ನಿ."

"ಹೂಂ."