ಐದೂವರೆಯ ಖಾಲಿ ಕುರ್ಚಿ

ಪೀರನವಾಡಿಯ ಆ ಆಫೀಸು ಈಗಿಲ್ಲ. ಅಲ್ಲಿ ನಾನು ಮಾಡಿದ ದಡ್ಡತನವನ್ನು ಮಾತ್ರ ಇವತ್ತಿಗೂ ಪ್ರೀತಿಯಿಂದ ನೆನೆಯುತ್ತೇನೆ.

ನಮ್ಮ ಕಂಪನಿ ಅಲ್ಲಿನ ಪಂಪ್‌ಸೆಟ್ ಕಂಪನಿಯನ್ನು ತನ್ನೊಳಗೆ ಸೇರಿಸಿಕೊಂಡಾಗ, ಹಾಜರಿ ನೋಡಿಕೊಳ್ಳಲು ನನ್ನನ್ನು ಅಲ್ಲಿಗೆ ಕಳಿಸಿತ್ತು. ಯಾರ ಕುರ್ಚಿ ಹೋಗುತ್ತದೋ ಎಂದು ಹೆದರಿದ್ದ ಹಳಬರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಕಂಪ್ಲೇಂಟ್ ಕೌಂಟರಿನ ಪ್ರಾಚಿ ಮಾತ್ರ ತುಟಿಯಂಚಿನಲ್ಲಿ ನಗು ತಡೆದು ಕಣ್ಣೆತ್ತಿ ನೋಡುತ್ತಿದ್ದಳು. ಆ ಒಂದು ನೋಟಕ್ಕಾಗಿ ದಿನಕ್ಕೆ ನಾಲ್ಕು ಸಲ ಸುಮ್ಮಸುಮ್ಮನೆ ಆ ಕಡೆ ಸುಳಿಯುತ್ತಿದ್ದೆ.

ಸಂಜೆ ಐದೂವರೆಗೆ ಅವಳ ಕುರ್ಚಿ ಖಾಲಿ. ಒಂದು ದಿನ ಸ್ಟೋರಿನ ಹುಸೇನಸಾಬ, ಇನ್ನೊಂದು ದಿನ ಡ್ರೈವರ್ ಗುರುಸಿದ್ದ ಕೌಂಟರಿನಲ್ಲಿ ನಿಂತಿರುತ್ತಿದ್ದರು. ಕೇಳಿದರೆ ಒಂದೇ ಉತ್ತರ: "ಈಗ ಬರ್ತಾರ ತಗೋರಿ ಸರ್."

ಯಾರನ್ನೋ ಭೇಟಿಯಾಗಲು ಹೋಗುತ್ತಾಳೆಂದು ನನ್ನ ಹೊಟ್ಟೆ ಉರಿಯಿತು. ನಿಯಮದ ಹೆಸರಿನಲ್ಲಿ ಮೆಮೊ ಬರೆದೆ. ಮೇಲಿನವರು ವಾರದೊಳಗೆ ಅವಳನ್ನು ಖಾನಾಪುರ ಡಿಪೋಗೆ ಹಾಕಿದರು.

ಅವಳು ಹೋದ ದಿನ ಹುಸೇನಸಾಬ ನನ್ನೆದುರು ಬಂದು ಕೂತರು.

"ಸುಯೋಗ ಸರ್, ಆ ಹುಡುಗಿ ಹೊತ್ತು ಮುಳುಗಿದ ಮ್ಯಾಲೆ ಊಟ ಮಾಡಂಗಿಲ್ರಿ. ಮನಿ ಮುಟ್ಟೂದ್ರಾಗ ಕತ್ತಲಾಗತೈತಿ. ಹಿಂದಿನ ಕೋಣ್ಯಾಗ ಡಬ್ಬಿ ಉಣ್ಣಾಕ ಹೋಗತಿದ್ಲು, ನಾವು ಪಾಳಿ ಮ್ಯಾಲೆ ಕೌಂಟರ್ ನೋಡತಿದ್ವಿ. ನಾ ನಮಾಜಿಗೆ ಹೋದ್ರ ನನ್ನ ಫೋನ್ ಆಕಿನ ಎತ್ತಾಕಿ. ಕಂಪನಿ ಯಾರದರ ಆಗಲಿ, ನಮಗ ನಾವ ಅಲ್ರಿ?"

ನಾನೂ ಅವಳ ಹಾಗೆ ಜೈನನೇ. ನಮ್ಮವ್ವ ಚಂಪಾಬಾಯಿ ಶಹಾಪುರದ ಮನೆಯಲ್ಲಿ ದಿನವೂ ಹೊತ್ತಿರುವಾಗಲೇ ಉಣ್ಣುತ್ತಾಳೆ. ನನಗೆ ತಿಳಿಯದಿದ್ದರೆ ಇನ್ಯಾರಿಗೆ ತಿಳಿಯಬೇಕು?

ಮರುದಿನವೇ, ತಪ್ಪು ನನ್ನದೆಂದು ಮೇಲಿನವರಿಗೆ ಬರೆದು ಖಾನಾಪುರದ ಬಸ್ಸು ಹತ್ತಿದೆ. ಡಿಪೋದಲ್ಲಿ ಪ್ರಾಚಿ ಏನೋ ಬರೆಯುತ್ತಿದ್ದಳು. ನನ್ನ ಕಡೆ ನೋಡಲಿಲ್ಲ.

"ಹಾಜರಿ ನೋಡಾಕ ಇಲ್ಲಿತನಾನೂ ಬಂದ್ರೇನು?"

"ತಪ್ಪಾತು ಅನ್ನಾಕ ಬಂದೇನ್ರಿ. ನಿಮ್ಮನ್ನ ವಾಪಸ್ ಕರಸ್ರಿ ಅಂತ ಬರದೇನಿ."

"ಮೊದಲ ನನ್ನ ಒಂದ ಮಾತು ಕೇಳಬೇಕಿತ್ತು."

"ಅಂಜಿಕಿ ಆತ್ರಿ. ಯಾರನ್ನೋ ನೋಡಾಕ ಹೋಗ್ತೀರಿ ಅನಕೊಂಡೆ."

"ಹೋದ್ರ ನಿಮಗೇನ್ರಿ?"

"ನನಗ ತಡಕೊಳ್ಳಾಕ ಆಗಂಗಿಲ್ರಿ," ಎಂದೆ. "ನಾ ನಿಮ್ಮನ್ನ ಭಾಳ ಪ್ರೀತಿ ಮಾಡತೇನಿ."

ಅವಳ ಪೆನ್ನು ನಿಂತಿತು. ಕಣ್ಣೆತ್ತಿ ನೋಡಿದಳು.

"ಹಂಗಿದ್ರ ನಮ್ಮ ಮನಿಗೆ ನಿಮ್ಮವ್ವನ್ನ ಕಳಸ್ರಿ," ಎಂದಳು. "ಮೆಮೊ ಕಳಸಬ್ಯಾಡ್ರಿ."